ಹೊಸ ಓಎಸ್ ಹಾಕುವಾಗ ಡ್ರೈವರ್ ಕೈಕೊಟ್ಟರೆ: ಮೊದಲು ಭಾಗದ ಗುರುತು, ಆಮೇಲೆ ಡೌನ್‌ಲೋಡ್

ಕಳೆದ ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ, ಮಣಿಪಾಲದಲ್ಲಿ ಓದುತ್ತಿರುವ ಅಕ್ಕನ ಮಗ ಫೋನ್ ಮಾಡಿದ. "ಮಾವ, ವಿಂಡೋಸ್ ಹಾಕ್ಲಿಕ್ಕೆ ಹೋದ್ರೆ ಡಿಸ್ಕೇ ಕಾಣುದಿಲ್ಲ. ಎಸ್‌ಎಸ್‌ಡಿ ಹೋಯ್ತಾ ಅಂತ ಹೆದರಿಕೆ ಆಗ್ತಾ ಉಂಟು." ಸಂಜೆ ಅವನು ವಿಚಾರಿಸಿದ ಅಂಗಡಿಯಲ್ಲಿ ಹೊಸ ಎಸ್‌ಎಸ್‌ಡಿ (ಫೈಲ್‌ಗಳನ್ನು ಇಡುವ ಡಿಸ್ಕ್) ಹಾಕಿಸಬೇಕಾದೀತು ಎಂದಿದ್ದರಂತೆ. ಲ್ಯಾಪ್‌ಟಾಪ್ ಕೊಂಡು ಎರಡು ವರ್ಷವೂ ಆಗಿರಲಿಲ್ಲ. ಹಿಂದಿನ ದಿನದವರೆಗೆ ಅದೇ ಡಿಸ್ಕ್‌ನಿಂದ ವಿಂಡೋಸ್ ಸರಿಯಾಗಿಯೇ ಏಳುತ್ತಿತ್ತು. ಅಷ್ಟು ಕೇಳಿದಾಗಲೇ ಹಾಳಾದದ್ದು ಎಸ್‌ಎಸ್‌ಡಿ ಅಲ್ಲ, ಅದನ್ನು ಕಾಣುವ ಡ್ರೈವರ್ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್‌ನಲ್ಲಿ ಇಲ್ಲ ಎಂದು ಅನ್ನಿಸಿತು. ಡ್ರೈವರ್ ಎಂದರೆ ಯಂತ್ರದ ಒಂದೊಂದು ಭಾಗದೊಡನೆ ಓಎಸ್ (ವಿಂಡೋಸ್, ಲಿನಕ್ಸ್‌ನಂಥ ಮೂಲ ತಂತ್ರಾಂಶ) ಮಾತಾಡಲು ಬೇಕಾದ ಪುಟ್ಟ ಸಾಫ್ಟ್‌ವೇರ್. ಮುಕ್ಕಾಲು ಗಂಟೆಯಲ್ಲಿ, ನಾನು ಮಂಗಳೂರಿನಲ್ಲಿಯೂ ಅವನು ಮಣಿಪಾಲದಲ್ಲಿಯೂ ಇದ್ದುಕೊಂಡೇ, ಕೆಲಸ ಮುಗಿಯಿತು. ಹೊಸ ಎಸ್‌ಎಸ್‌ಡಿ ಬೇಕಾಗಲಿಲ್ಲ.

ಇಂಥ ಫೋನುಗಳು ಈಚೆಗೆ ಹೆಚ್ಚು ಬರುತ್ತಿವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಕೆಲವರು ವಿಂಡೋಸ್ 11ಕ್ಕೆ ಹೋಗುತ್ತಿದ್ದಾರೆ. ಇಂಟೆಲ್‌ನ 7ನೆಯ ತಲೆಮಾರು ಮತ್ತು ಅದಕ್ಕಿಂತ ಹಳೆಯ ಪ್ರೊಸೆಸರ್ ಇರುವವರಲ್ಲಿ ಬಹುಪಾಲು ಜನರಿಗೆ ಆ ದಾರಿ ಅಧಿಕೃತವಾಗಿ ಮುಚ್ಚಿರುವುದರಿಂದ ಅವರಲ್ಲಿ ಹಲವರು ಲಿನಕ್ಸ್ ಹಾಕಿ ನೋಡುತ್ತಿದ್ದಾರೆ. ಎರಡೂ ದಾರಿಯಲ್ಲಿ ಎಡವುವುದು ಡ್ರೈವರ್‌ನ ಬಳಿಯೇ. ಯಾವ ಭಾಗಕ್ಕೆ ಡ್ರೈವರ್ ಇಲ್ಲ ಎಂದು ಖಚಿತವಾಗುವ ಮೊದಲೇ ಡೌನ್‌ಲೋಡ್ ಮಾಡಲು ಹೊರಡುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ಆ ಒಂದನ್ನು ಬಿಟ್ಟರೆ ಅರ್ಧ ತೊಂದರೆ ಅಲ್ಲಿಗೇ ಕಳೆಯುತ್ತದೆ.

ಫಾರ್ಮ್ಯಾಟ್ ಮಾಡುವ ಮೊದಲು

ಹಳೆಯ ವಿಂಡೋಸ್ ಇನ್ನೂ ಏಳುತ್ತಿದೆ ಎಂದಾದರೆ ನಿಮ್ಮ ಕೈಯಲ್ಲಿ ಒಂದು ನಿಧಿಯೇ ಇದೆ ಎಂದು ತಿಳಿಯಿರಿ, ಏಕೆಂದರೆ ಆ ಲ್ಯಾಪ್‌ಟಾಪ್‌ಗೆ ಹೊಂದುವ ಎಲ್ಲ ಡ್ರೈವರ್‌ಗಳೂ ಅದರೊಳಗೆ ಕೆಲಸ ಮಾಡುತ್ತಿರುವ ಸ್ಥಿತಿಯಲ್ಲಿಯೇ ಇವೆ. ಅವನ್ನು ಹೊರಗೆ ತೆಗೆದಿಡಲು ಬೇರೆ ಯಾವ ಸಾಫ್ಟ್‌ವೇರ್ ಬೇಕಾಗಿಲ್ಲ. ಪೆನ್ ಡ್ರೈವ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, 'ಪಿಎನ್‌ಪಿಯುಟಿಲ್' (pnputil) ಎಂಬ ಆಜ್ಞೆಯನ್ನು ಬರೆಯಿರಿ. ಫೋನಿನಲ್ಲಿ ಹೇಳುವಾಗ ನಾನು ಅದನ್ನು ಹೀಗೆ ಬಿಡಿಸಿ ಹೇಳುತ್ತೇನೆ: ಪಿಎನ್‌ಪಿಯುಟಿಲ್, ಒಂದು ಸ್ಪೇಸ್, ಸ್ಲ್ಯಾಷ್ ಹಾಕಿ ಎಕ್ಸ್‌ಪೋರ್ಟ್ ಹೈಫನ್ ಡ್ರೈವರ್, ಸ್ಪೇಸ್, ನಕ್ಷತ್ರದ ಚಿಹ್ನೆ, ಸ್ಪೇಸ್, ಕೊನೆಗೆ ಆ ಫೋಲ್ಡರಿನ ದಾರಿ. ಎಂಟರ್ ಒತ್ತಿದರೆ ವಿಂಡೋಸ್‌ನ ಜೊತೆಗೆ ಬಾರದೆ ಬೇರೆಯಾಗಿ ಸೇರಿಸಲಾದ ಡ್ರೈವರ್‌ಗಳೆಲ್ಲ ಒಂದೊಂದು ಉಪಫೋಲ್ಡರ್ ಆಗಿ ಅಲ್ಲಿಗೆ ಬಂದು ಕೂರುತ್ತವೆ. ವಿಂಡೋಸ್ 10ರಿಂದ ತೆಗೆದವು ಹೆಚ್ಚಿನ ಸಂದರ್ಭಗಳಲ್ಲಿ 11ರಲ್ಲಿಯೂ ನಡೆಯುತ್ತವೆ.

ಜೊತೆಗೆ ಲ್ಯಾಪ್‌ಟಾಪ್‌ನ ಪೂರ್ಣ ಮಾದರಿ ಸಂಖ್ಯೆಯನ್ನೂ ಸೀರಿಯಲ್ ನಂಬರನ್ನೂ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅವು ಅಡಿಭಾಗದ ಚೀಟಿಯಲ್ಲಿ ಇರುತ್ತವೆ, ಚೀಟಿ ಅಳಿಸಿದ್ದರೆ ಬಯೋಸ್‌ನ (ಆನ್ ಮಾಡಿದೊಡನೆ, ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ಸ್‌ನ) ಮೊದಲ ಪುಟದಲ್ಲಿ ಸಿಗುತ್ತವೆ. ಮೇಲೆ ಅಚ್ಚೊತ್ತಿದ ಹೆಸರು ಸಾಲದು. ಒಂದೇ ಹೆಸರಿನಲ್ಲಿ ಮಾರಾಟವಾಗುವ ಲ್ಯಾಪ್‌ಟಾಪ್‌ಗಳಲ್ಲಿ ಒಂದರಲ್ಲಿ ಇಂಟೆಲ್, ಇನ್ನೊಂದರಲ್ಲಿ ರಿಯಲ್‌ಟೆಕ್, ಮತ್ತೊಂದರಲ್ಲಿ ಮೀಡಿಯಾಟೆಕ್ ವೈ-ಫೈ ಕಾರ್ಡ್ ಇರುವುದು ತೀರ ಸಾಮಾನ್ಯ. ತಯಾರಕರ ಪುಟದಲ್ಲಿ ಸೀರಿಯಲ್ ನಂಬರ್ ಹಾಕಿ ಹುಡುಕಿದರೆ ಮಾತ್ರ ನಿಮ್ಮ ಯಂತ್ರದ್ದೇ ಪಟ್ಟಿ ಸಿಗುವುದು.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆಯಾದ ಬಿಟ್‌ಲಾಕರ್‌ನ ಕೀಲಿಯನ್ನು ಮರೆಯಬೇಡಿ. ಇತ್ತೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಒಳಗಾಗಿರುತ್ತದೆ, ಮಾಲೀಕರಿಗೆ ಅದು ತಿಳಿದೇ ಇರುವುದಿಲ್ಲ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್‌ನಂಥ (ಸಹಿಯಿಲ್ಲದ ತಂತ್ರಾಂಶ ಏಳದಂತೆ ತಡೆಯುವ) ಒಂದು ಆಯ್ಕೆ ಬದಲಿಸಿದ ಕೂಡಲೇ 48 ಅಂಕೆಗಳ ರಿಕವರಿ ಕೀ ಕೇಳುವ ನೀಲಿ ಪರದೆ ಎದುರಾಗುತ್ತದೆ. ಆ ಕೀ ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಬಯೋಸ್‌ಗೆ ಕೈಹಾಕುವ ಮೊದಲೇ ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ, ಫೈಲ್‌ಗಳ ಪ್ರತಿಯನ್ನು ಬೇರೆ ಡಿಸ್ಕ್‌ಗೆ ಹಾಕಿಡಿ.

ಡಿಸ್ಕ್ ಕಾಣಿಸದಿದ್ದಾಗ

ಈಗ ಅಕ್ಕನ ಮಗನ ಕಥೆಗೆ ಬರೋಣ. ಇಂಟೆಲ್ 11ನೆಯ ತಲೆಮಾರಿನಿಂದ ಈಚೆಗೆ ಬಂದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯು ನೇರವಾಗಿ ಕಾಣದೆ, 'ವಿಎಂಡಿ' ಎಂಬ ನಿಯಂತ್ರಕದ ಹಿಂದೆ ಕುಳಿತಿರುತ್ತದೆ. ಆ ನಿಯಂತ್ರಕದ ಡ್ರೈವರ್ ವಿಂಡೋಸ್‌ನ ಇನ್‌ಸ್ಟಾಲ್ ಪೆನ್ ಡ್ರೈವ್‌ನಲ್ಲಿ ಇಲ್ಲದಿದ್ದಾಗ ಡಿಸ್ಕ್ ಆಯ್ಕೆಯ ಪುಟ ಖಾಲಿಯಾಗಿ ಕಾಣುತ್ತದೆ. ಅದೇ ಪುಟದಲ್ಲಿ 'ಲೋಡ್ ಡ್ರೈವರ್' ಎಂಬ ಗುಂಡಿ ಇರುತ್ತದೆ. ಪರಿಹಾರ ಇರುವುದು ಅಲ್ಲಿ.

ಬೇರೊಂದು ಕಂಪ್ಯೂಟರಿನಲ್ಲಿ ಲ್ಯಾಪ್‌ಟಾಪ್ ತಯಾರಕರ ಪುಟಕ್ಕೆ ಹೋಗಿ, ನಿಮ್ಮ ಮಾದರಿಯ ಕೆಳಗೆ 'ಸ್ಟೋರೇಜ್' ವಿಭಾಗದಲ್ಲಿರುವ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ (ಆರ್‌ಎಸ್‌ಟಿ) ಎಂಬುದನ್ನು ಇಳಿಸಿಕೊಳ್ಳಿ. ಅಲ್ಲಿ ಸಿಗುವುದು ಹೆಚ್ಚಾಗಿ ಒಂದು ಇಎಕ್ಸ್‌ಇ ಫೈಲ್. ಅದನ್ನು ಹಾಗೆಯೇ ಪೆನ್ ಡ್ರೈವ್‌ಗೆ ಹಾಕಿದರೆ ಲೋಡ್ ಡ್ರೈವರ್‌ಗೆ ಏನೂ ಸಿಗುವುದಿಲ್ಲ. ಅಕ್ಕನ ಮಗ ಮೊದಲು ಮಾಡಿದ್ದು ಅದನ್ನೇ. ವಿಂಡೋಸ್‌ಗೆ ಬೇಕಾಗಿರುವುದು ಆ ಫೈಲಿನೊಳಗಿರುವ ಐಎನ್‌ಎಫ್, ಎಸ್‌ವೈಎಸ್, ಸಿಎಟಿ ಎಂಬ ಕೊನೆಯ ಹೆಸರುಳ್ಳ ಕಡತಗಳು. ಆದುದರಿಂದ ಇಎಕ್ಸ್‌ಇಯನ್ನು ಮೊದಲು ಬಿಡಿಸಿ, ಒಳಗಿರುವ ವಿಎಂಡಿ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಬೇಕು. ಫಾರ್ಮ್ಯಾಟ್‌ಗೆ ಮುನ್ನ ಡ್ರೈವರ್‌ಗಳನ್ನು ತೆಗೆದಿಟ್ಟುಕೊಂಡಿದ್ದರೆ ಈ ಹುಡುಕಾಟವೂ ಬೇಡ, ಆ ಸಂಗ್ರಹದೊಳಗೇ ಇದು ಬಂದಿರುತ್ತದೆ.

ಅವನ ಪಕ್ಕದ ಕೋಣೆಯ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಫೈಲ್ ಬಿಡಿಸಿದೆವು. ಲೋಡ್ ಡ್ರೈವರ್ ಒತ್ತಿ ಫೋಲ್ಡರ್ ತೋರಿಸಿದಾಗ ಪಟ್ಟಿಯಲ್ಲಿ ಎರಡು ಹೆಸರು ಕಂಡವು. 'ಇಂಟೆಲ್ ಆರ್‌ಎಸ್‌ಟಿ ವಿಎಂಡಿ ಕಂಟ್ರೋಲರ್ 9ಎ0ಬಿ' ಎಂದಿರುವುದನ್ನು ಆಯ್ದುಕೊ ಎಂದೆ, ಏಕೆಂದರೆ ಆ ಸಂಖ್ಯೆ 11ನೆಯ ತಲೆಮಾರಿನದು. ನೆಕ್ಸ್ಟ್ ಒತ್ತಿದ. ಕೆಲವು ಕ್ಷಣ ಆ ಕಡೆಯಿಂದ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ "ಬಂತು ಮಾವ, ಮೂರು ಪಾರ್ಟಿಷನ್ ಕಾಣ್ತಾ ಉಂಟು" ಎಂದ.

ಬಯೋಸ್‌ಗೆ ಹೋಗಿ ವಿಎಂಡಿಯನ್ನೇ ಆಫ್ ಮಾಡುವುದು ಇನ್ನೊಂದು ದಾರಿ, ಎಸ್‌ಎಸ್‌ಡಿ ಒಂದೇ ಇದ್ದರೆ ಅದರಿಂದ ನಷ್ಟವೇನೂ ಇಲ್ಲ. ಆದರೆ ಹಳೆಯ ವಿಂಡೋಸನ್ನು ಉಳಿಸಿಕೊಂಡು ಪಕ್ಕದಲ್ಲಿ ಇನ್ನೊಂದನ್ನು ಹಾಕಲು ಹೊರಟವರು ಹಾಗೆ ಮಾಡಬಾರದು; ಒಮ್ಮೆ ಆಯ್ಕೆ ಬದಲಾಯಿತೆಂದರೆ ಇದ್ದ ವಿಂಡೋಸ್ ತನ್ನ ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂದು ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಹಾಗಾದರೆ ಗಾಬರಿಯಾಗಬೇಡಿ, ಆಯ್ಕೆಯನ್ನು ಹಿಂದಿನಂತೆಯೇ ಇಟ್ಟರೆ ಅದು ಮತ್ತೆ ಏಳುತ್ತದೆ.

ಇದೇ ಹಂತದಲ್ಲಿ ದಾರಿ ತಪ್ಪಿಸುವ ಸಂದೇಶವೊಂದಿದೆ. 'ನಿಮ್ಮ ಕಂಪ್ಯೂಟರಿಗೆ ಬೇಕಾದ ಮೀಡಿಯಾ ಡ್ರೈವರ್ ಇಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದಾಗ ಜನ ಡ್ರೈವರ್ ಹುಡುಕುತ್ತ ಗಂಟೆಗಟ್ಟಲೆ ಕಳೆಯುತ್ತಾರೆ. ಅಲ್ಲಿ ಬಹಳ ಸಲ ಕೆಟ್ಟಿರುವುದು ಪೆನ್ ಡ್ರೈವ್, ಇಲ್ಲವೇ ಅರ್ಧ ಇಳಿದ ಐಎಸ್‌ಒ, ಅಂದರೆ ಓಎಸ್‌ನ ಇನ್‌ಸ್ಟಾಲ್ ಫೈಲ್. ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿ ನೋಡಿ. ಆಗದಿದ್ದರೆ ಐಎಸ್‌ಒವನ್ನು ಹೊಸದಾಗಿ ಇಳಿಸಿ, ಬೇರೊಂದು ಪೆನ್ ಡ್ರೈವ್‌ಗೆ ಬರೆಯಿರಿ.

ಟಚ್‌ಪ್ಯಾಡ್ ಇಲ್ಲ, ವೈ-ಫೈ ಇಲ್ಲ

ಇನ್‌ಸ್ಟಾಲ್ ಆಗುವಾಗ ಟಚ್‌ಪ್ಯಾಡ್ ಅಲ್ಲಾಡದಿದ್ದರೆ ಅದಕ್ಕೆ ಅರ್ಜೆಂಟಾಗಿ ಏನೂ ಮಾಡಬೇಕಾಗಿಲ್ಲ. ಈಗಿನ ಟಚ್‌ಪ್ಯಾಡ್‌ಗಳು ಇಂಟೆಲ್ ಸೀರಿಯಲ್ ಐಒ ಎಂಬ ಇನ್ನೊಂದು ಡ್ರೈವರನ್ನು ನೆಚ್ಚಿಕೊಂಡಿರುತ್ತವೆ. ಅದು ಬರುವವರೆಗೆ ಒಂದು ವಯರಿನ ಮೌಸ್ ಸಾಕು.

ವೈ-ಫೈ ಮಾತು ಬೇರೆ. ವಿಂಡೋಸ್ 11 ಖಾತೆ ತೆರೆಯುವ ಹಂತದಲ್ಲಿ ಇಂಟರ್ನೆಟ್ ಕೇಳುತ್ತದೆ, ಇಂಟರ್ನೆಟ್ಟಿಗೆ ವೈ-ಫೈ ಡ್ರೈವರ್ ಬೇಕು, ಡ್ರೈವರ್ ತರಲು ಇಂಟರ್ನೆಟ್ ಬೇಕು. ಈ ಸುಳಿಯಿಂದ ಹೊರಬರಲು ನಿಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನ್ ಸಾಕು. ಡೇಟಾ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಜಾಗದಲ್ಲಿಯೇ ಕಾಣುವ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ವಿಂಡೋಸ್ ಅದನ್ನು ವಯರಿನ ನೆಟ್‌ವರ್ಕ್ ಎಂದು ತಿಳಿದು ಸಾಮಾನ್ಯವಾಗಿ ಬೇರೆ ಡ್ರೈವರ್ ಕೇಳದೆ ಮುಂದುವರಿಯುತ್ತದೆ, ಲಿನಕ್ಸ್ ಕೂಡ ಹಾಗೆಯೇ. ಫೋನ್ ಮನೆಯ ವೈ-ಫೈಯಲ್ಲಿದ್ದರೆ ಆ ವೈ-ಫೈಯೇ ಕೇಬಲಿನ ಮೂಲಕ ಲ್ಯಾಪ್‌ಟಾಪ್‌ಗೆ ಹರಿಯುವುದರಿಂದ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಟೆದರಿಂಗ್ ಆಯ್ಕೆ ಮಸುಕಾಗಿಯೇ ಉಳಿದರೆ ಕೇಬಲನ್ನು ಅನುಮಾನಿಸಿ; ಚಾರ್ಜ್ ಮಾತ್ರ ಆಗುವ ಕೇಬಲ್‌ಗಳು ಮನೆಯಲ್ಲಿ ಎಷ್ಟೋ ಇರುತ್ತವೆ. ಐಫೋನ್‌ಗೆ ವಿಂಡೋಸ್‌ನಲ್ಲಿ ಅದರದೇ ಡ್ರೈವರ್ ಬೇಕಾಗುವುದರಿಂದ ಈ ಕೆಲಸಕ್ಕೆ ಮನೆಯ ಯಾರದಾದರೂ ಆಂಡ್ರಾಯ್ಡ್ ಫೋನನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಇಂಟರ್ನೆಟ್ ಸಿಕ್ಕಿದ ಮೇಲೆ ಸುಮ್ಮನೆ ವಿಂಡೋಸ್ ಅಪ್‌ಡೇಟ್ ನಡೆಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಒಮ್ಮೆ ನಡೆಸಿ. ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗಿನ ಆಪ್ಷನಲ್ ಅಪ್‌ಡೇಟ್ಸ್‌ನಲ್ಲಿ ಡ್ರೈವರ್‌ಗಳ ಪ್ರತ್ಯೇಕ ಪಟ್ಟಿಯೂ ಇರುತ್ತದೆ, ಅದನ್ನೂ ನೋಡಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಉಳಿದ ಹಳದಿ ಗುರುತುಗಳು

ಆದರೂ ಯಂತ್ರದ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಉಳಿದಿದ್ದರೆ, ಅದರ ಹೆಸರನ್ನು ಗಮನವಿಟ್ಟು ಓದಿ. ವಿಂಡೋಸ್ ಕೊಡುವ ಹೆಸರುಗಳು ಸಾಮಾನ್ಯ ಓದುಗರಿಗೆ ಏನನ್ನೂ ಹೇಳದಿದ್ದರೂ ಅವಕ್ಕೆ ನಿಶ್ಚಿತ ಅರ್ಥಗಳಿವೆ. 'ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್' ಎಂದರೆ ಇಂಟೆಲ್ ಯಂತ್ರಗಳಲ್ಲಿ ಬಹುಮಟ್ಟಿಗೆ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಒಳಗಿನ ನಿಯಂತ್ರಕ. 'ಎಸ್‌ಎಂ ಬಸ್ ಕಂಟ್ರೋಲರ್' ಎಂದರೆ ಚಿಪ್‌ಸೆಟ್‌ನ (ಮದರ್‌ಬೋರ್ಡಿನ ಭಾಗಗಳನ್ನು ಜೋಡಿಸುವ ಚಿಪ್‌ನ) ಡ್ರೈವರ್ ಹಾಕಿಲ್ಲ. 'ನೆಟ್‌ವರ್ಕ್ ಕಂಟ್ರೋಲರ್' ಎಂದರೆ ವೈ-ಫೈ, 'ಈಥರ್ನೆಟ್ ಕಂಟ್ರೋಲರ್' ಎಂದರೆ ಕೇಬಲ್ ಚುಚ್ಚುವ ಕಿಂಡಿ. ಡಿಸ್‌ಪ್ಲೇ ವಿಭಾಗದಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಹಳದಿ ಗುರುತು ಇಲ್ಲದಿದ್ದರೂ ಗ್ರಾಫಿಕ್ಸ್ ಡ್ರೈವರ್ ಇಲ್ಲವೆಂದೇ ಅರ್ಥ. ಬ್ರೈಟ್‌ನೆಸ್ ಬದಲಾಗದೆ ಇರುವುದಕ್ಕೆ ಅದೇ ಕಾರಣ.

'ಅನ್‌ನೋನ್ ಡಿವೈಸ್' ಎಂದಷ್ಟೇ ಇದ್ದಾಗ ಗುರುತಿನ ಚೀಟಿ ತೆಗೆಯಬೇಕು. ಅದರ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ಪುಟದಲ್ಲಿ 'ಹಾರ್ಡ್‌ವೇರ್ ಐಡಿಸ್' ಆಯ್ಕೆ ಮಾಡಿ. ಅಲ್ಲಿ ಕಾಣುವ ಉದ್ದನೆಯ ಸಾಲಿನಲ್ಲಿ 'ವಿಇಎನ್' ಆದ ಮೇಲಿನ ನಾಲ್ಕು ಅಕ್ಷರಾಂಕಗಳು ಚಿಪ್ ಮಾಡಿದವರ ಗುರುತು, 'ಡಿಇವಿ' ಆದ ಮೇಲಿನ ನಾಲ್ಕು ಆ ಚಿಪ್‌ನ ಗುರುತು. 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್, 14ಇ4 ಬ್ರಾಡ್‌ಕಾಮ್, 10ಡಿಇ ಎನ್‌ವಿಡಿಯಾ, 1002 ಎಎಂಡಿ. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಹುಡುಕಿದರೆ ಆ ಭಾಗದ ನಿಜವಾದ ಹೆಸರು ಸಿಗುತ್ತದೆ. ಹೆಸರು ಸಿಕ್ಕಿದ ಮೇಲೆ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಪುಟದಿಂದಲೇ ತನ್ನಿ, ಅಲ್ಲಿಲ್ಲದಿದ್ದರೆ ಚಿಪ್ ತಯಾರಕರ ಪುಟದಿಂದ. 'ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ' ಎಂದು ಕರೆಯುವ ಸಾಫ್ಟ್‌ವೇರ್‌ಗಳನ್ನು ದಯವಿಟ್ಟು ಹಾಕಬೇಡಿ. ತಪ್ಪು ಡ್ರೈವರ್‌ನ ಜೊತೆಗೆ ಬೇಡದ ಪ್ರೋಗ್ರಾಮ್‌ಗಳನ್ನೂ ತುಂಬಿಸಿಕೊಂಡ ಲ್ಯಾಪ್‌ಟಾಪ್‌ಗಳನ್ನು ತೊಳೆದು ಸರಿಮಾಡುವುದು ಹೊಸದಾಗಿ ಫಾರ್ಮ್ಯಾಟ್ ಮಾಡುವುದಕ್ಕಿಂತ ಕಷ್ಟ.

ಹಾಕುವ ಕ್ರಮಕ್ಕೂ ಅರ್ಥವಿದೆ. ಚಿಪ್‌ಸೆಟ್ ಮೊದಲು, ಆಮೇಲೆ ಮ್ಯಾನೇಜ್‌ಮೆಂಟ್ ಎಂಜಿನ್ ಮತ್ತು ಸೀರಿಯಲ್ ಐಒ, ಬಳಿಕ ಗ್ರಾಫಿಕ್ಸ್, ಧ್ವನಿ, ವೈ-ಫೈ, ಬ್ಲೂಟೂತ್. ಎರಡು ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಪ್ರೊಸೆಸರಿನ ಜೊತೆಗಿರುವ ಗ್ರಾಫಿಕ್ಸ್‌ನ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದ ನಂತರ ಎನ್‌ವಿಡಿಯಾದ್ದನ್ನು ಹಾಕಿ. ಪ್ರಾಪರ್ಟೀಸ್‌ನಲ್ಲಿ ಕಾಣುವ ಕೋಡ್ ಸಂಖ್ಯೆಯೂ ಸುಳಿವು ಕೊಡುತ್ತದೆ: 28 ಎಂದರೆ ಡ್ರೈವರ್ ಹಾಕಿಯೇ ಇಲ್ಲ, 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ, 10 ಎಂದರೆ ಭಾಗ ಶುರುವಾಗುತ್ತಿಲ್ಲ, 43 ಎಂದರೆ ಆ ಭಾಗವೇ ತೊಂದರೆ ಇದೆ ಎಂದು ವರದಿ ಮಾಡಿದೆ. ಕೊನೆಯ ಎರಡು ಬಂದಾಗ ಡ್ರೈವರ್ ಬದಲಿಸುವ ಮೊದಲು ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಆನ್ ಮಾಡಿ ನೋಡಿ. ವೈ-ಫೈ ಕಾರ್ಡ್‌ಗಳು ಇಷ್ಟರಿಂದಲೇ ಸರಿಹೋದದ್ದನ್ನು ನಾನು ಹಲವು ಸಲ ಕಂಡಿದ್ದೇನೆ.

ಡ್ರೈವರೋ, ಉಪ್ಪು ಗಾಳಿಯೋ

ಕರಾವಳಿಯವರು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಹಳದಿ ಗುರುತು ಇದೆ ಎಂದರೆ ಹೆಚ್ಚಾಗಿ ಭಾಗ ಜೀವಂತವಾಗಿದೆ, ಅದರೊಡನೆ ಮಾತಾಡುವವರು ಇಲ್ಲ ಅಷ್ಟೆ. ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈ-ಫೈಯ ಹೆಸರೂ ಇಲ್ಲ, ಹಳದಿ ಗುರುತೂ ಇಲ್ಲ ಎಂದಾದರೆ ಯಾವ ಡ್ರೈವರ್ ತಂದರೂ ಪ್ರಯೋಜನವಿಲ್ಲ. ಬಯೋಸ್‌ನಲ್ಲಿ ವೈರ್‌ಲೆಸ್ ಆಫ್ ಆಗಿದೆಯೇ ನೋಡಿ. ಇಲ್ಲವಾದರೆ ಕಾರ್ಡ್ ಸಡಿಲವಾಗಿದೆ, ಇಲ್ಲವೇ ಅದರ ಸಂಪರ್ಕ ಬಿಂದುಗಳು ಕ್ಲಾವು (ಕಿಲುಬು) ಹಿಡಿದಿವೆ. ಮಲ್ಪೆಯಿಂದ ಸುರತ್ಕಲ್‌ವರೆಗೆ ಕಡಲ ಹತ್ತಿರದ ಮನೆಗಳಲ್ಲಿ, ಅದರಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ದಿನಗಳಲ್ಲಿ, ಇದು ಅಪರೂಪವಲ್ಲ.

ಖಚಿತಪಡಿಸಿಕೊಳ್ಳುವ ಉಪಾಯವೂ ಸುಲಭ. ಉಬುಂಟು ಎಂಬ ಲಿನಕ್ಸ್‌ನ ಪೆನ್ ಡ್ರೈವ್‌ನಿಂದ ಲ್ಯಾಪ್‌ಟಾಪನ್ನು ಏಳಿಸಿ, ಇನ್‌ಸ್ಟಾಲ್ ಮಾಡದೆ 'ಟ್ರೈ' ಆರಿಸಿ, ಆಜ್ಞೆ ಬರೆಯುವ ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಪಿಸಿಐ' (lspci) ಎಂದು ಬರೆಯಿರಿ. ಅದು ಡ್ರೈವರ್ ಇದ್ದರೂ ಇಲ್ಲದಿದ್ದರೂ ಪಿಸಿಐ ಎಂಬ ಒಳಗಿನ ಹಾದಿಯಲ್ಲಿರುವ ಎಲ್ಲ ಭಾಗಗಳ ಹೆಸರು ಹೇಳುತ್ತದೆ. ಅಲ್ಲಿಯೂ ವೈ-ಫೈ ಇಲ್ಲವೆಂದರೆ ಸಂಶಯಕ್ಕೆ ಜಾಗವಿಲ್ಲ, ಲ್ಯಾಪ್‌ಟಾಪ್ ತೆರೆಯಲೇಬೇಕು. ಬ್ಯಾಟರಿಯ ಸಂಪರ್ಕ ಬಿಡಿಸಿ, ಕಾರ್ಡ್ ಕಳಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಮತ್ತೆ ಕೂರಿಸುವುದು ಕೈ ಪಳಗಿದವರಿಗೆ ಹತ್ತು ನಿಮಿಷದ ಕೆಲಸ.

ಬಯೋಸ್ ಅಪ್‌ಡೇಟ್ ಮಾಡಿದರೆ ಕೆಲವು ಡ್ರೈವರ್ ತೊಂದರೆಗಳು ಸರಿಯಾಗುವುದುಂಟು. ಆದರೆ ಅದರ ನಡುವೆ ವಿದ್ಯುತ್ ಹೋದರೆ ಮದರ್‌ಬೋರ್ಡ್ ಏಳದೆಯೇ ಹೋಗಬಹುದು. ಚಾರ್ಜರ್ ಚುಚ್ಚಿರಬೇಕು, ಬ್ಯಾಟರಿಯೂ ತುಂಬಿರಬೇಕು. ಗುಡುಗು ಕೇಳಿದೊಡನೆ ಟಿವಿ, ರೂಟರ್‌ಗಳ ಪ್ಲಗ್ ಕೀಳುವ ನಮ್ಮ ಊರಿನಲ್ಲಿ ಮೇ ತಿಂಗಳ ಅಥವಾ ಅಕ್ಟೋಬರಿನ ಸಂಜೆ ಆ ಕೆಲಸಕ್ಕೆ ಕೂರಲೇಬಾರದು.

ಲಿನಕ್ಸ್ ಹಾಕುವವರಿಗೆ

ಲಿನಕ್ಸ್‌ನಲ್ಲಿ ಬಹಳಷ್ಟು ಡ್ರೈವರ್‌ಗಳು ಅದರ ತಿರುಳಾದ ಕರ್ನಲ್‌ನ ಒಳಗೇ ಬರುತ್ತವೆ, ಆದುದರಿಂದ ಹುಡುಕುವ ಕೆಲಸ ಕಡಿಮೆ, ಮೊದಲೇ ಪರೀಕ್ಷಿಸುವ ಕೆಲಸ ಹೆಚ್ಚು. 'ಟ್ರೈ' ಸ್ಥಿತಿಯಲ್ಲಿಯೇ ವೈ-ಫೈ, ಧ್ವನಿ, ಬ್ರೈಟ್‌ನೆಸ್, ಕ್ಯಾಮೆರಾ ನೋಡಿ, ಮುಚ್ಚಳ ಮುಚ್ಚಿ ತೆರೆದು ಅದು ಮತ್ತೆ ಏಳುತ್ತದೆಯೇ ನೋಡಿ. ಎಲ್‌ಎಸ್‌ಪಿಸಿಐ ಆಜ್ಞೆಯ ನಂತರ ಒಂದು ಸ್ಪೇಸ್ ಬಿಟ್ಟು, ಹೈಫನ್ ಹಾಕಿ 'ಎನ್‌ಎನ್‌ಕೆ' (-nnk) ಸೇರಿಸಿದರೆ ಪ್ರತಿಯೊಂದು ಭಾಗವನ್ನು ಈಗ ಯಾವ ಡ್ರೈವರ್ ನಡೆಸುತ್ತಿದೆ ಎಂಬ ಸಾಲೂ ಕಾಣುತ್ತದೆ. ಆ ಸಾಲೇ ಇಲ್ಲದ ಭಾಗಕ್ಕೆ ಡ್ರೈವರ್ ಸಿಕ್ಕಿಲ್ಲ. ಹೊಸ ಲ್ಯಾಪ್‌ಟಾಪ್ ಆದರೆ ಹೊಸ ಕರ್ನಲ್ ಇರುವ ಆವೃತ್ತಿ ಹಾಕುವುದೇ ಮೊದಲ ಮದ್ದು. ಡೆಬಿಯನ್ ಎಂಬ ಲಿನಕ್ಸ್ ಬೇಕೆನ್ನುವವರು 12 ಅಥವಾ ಅದರ ಮುಂದಿನದನ್ನು ತೆಗೆದುಕೊಳ್ಳಲಿ, 2023ರ ಜೂನ್‌ನಲ್ಲಿ ಬಂದ ಆ ಆವೃತ್ತಿಯಿಂದ ವೈ-ಫೈ ಕಾರ್ಡ್‌ಗಳಿಗೆ ಬೇಕಾದ ಫರ್ಮ್‌ವೇರ್ (ಕಾರ್ಡಿನೊಳಗೆ ನಡೆಯುವ ತಂತ್ರಾಂಶ) ಇನ್‌ಸ್ಟಾಲ್ ಫೈಲಿನಲ್ಲಿಯೇ ಸೇರಿದೆ. ಹಳೆಯ ಕೆಲವು ಬ್ರಾಡ್‌ಕಾಮ್ ಕಾರ್ಡ್‌ಗಳಿಗೆ ಮಾತ್ರ ಬೇರೆ ಡ್ರೈವರ್ ಹಾಕಲೇಬೇಕು. ಫೋನಿನ ಟೆದರಿಂಗ್ ಇಟ್ಟುಕೊಂಡು 'ಅಡಿಷನಲ್ ಡ್ರೈವರ್ಸ್' ತೆರೆದರೆ ಉಬುಂಟು ತಾನೇ ತೋರಿಸುತ್ತದೆ.

ಎನ್‌ವಿಡಿಯಾ ಇರುವ ಯಂತ್ರ ಕಪ್ಪು ಪರದೆಯಲ್ಲಿ ನಿಂತರೆ, ಉಬುಂಟುವಿನ ಮೊದಲ ಪಟ್ಟಿಯಲ್ಲಿರುವ 'ಸೇಫ್ ಗ್ರಾಫಿಕ್ಸ್' ಆರಿಸಿ ಇನ್‌ಸ್ಟಾಲ್ ಮುಗಿಸಿ, ಆಮೇಲೆ ಸರಿಯಾದ ಡ್ರೈವರ್ ಹಾಕಿ. ಇಲ್ಲಿ ಬಹಳ ಮಂದಿ ಎಡವುವ ಹಂತ ಒಂದಿದೆ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಹೀಗೆ ಹೊರಗಿನ ಡ್ರೈವರ್ ಹಾಕಿದರೆ ಉಬುಂಟು ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ, ಮುಂದಿನ ಸಲ ಏಳುವಾಗ 'ಮೋಕ್ ಮ್ಯಾನೇಜ್‌ಮೆಂಟ್' ಎಂಬ ನೀಲಿ ಪರದೆ ಸ್ವಲ್ಪ ಹೊತ್ತು ಮಾತ್ರ ಕಾದು ಮರೆಯಾಗುತ್ತದೆ. ಅಲ್ಲಿ 'ಎನ್‌ರೋಲ್ ಮೋಕ್' ಆರಿಸಿ ಅದೇ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಡ್ರೈವರ್ ಕೆಲಸಕ್ಕೆ ಬರುತ್ತದೆ. ಚಹಾ ತರಲು ಎದ್ದುಹೋಗಿ ಆ ಪರದೆ ತಪ್ಪಿಸಿಕೊಂಡವರು ಡ್ರೈವರ್ ಸರಿಯಿಲ್ಲ ಎಂದು ಮತ್ತೆ ಮತ್ತೆ ತೆಗೆದು ಹಾಕುತ್ತಿರುತ್ತಾರೆ.

ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಲಿನಕ್ಸ್‌ನಲ್ಲಿ ಮಾತ್ರ ವೈ-ಫೈ ಆಗಾಗ ಕಾಣೆಯಾಗುತ್ತಿದ್ದರೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿ. ಅದು ಆನ್ ಇದ್ದಾಗ ವಿಂಡೋಸ್ ಪೂರ್ತಿ ಮಲಗದೆ ಕಾರ್ಡನ್ನು ಅರ್ಧ ಹಿಡಿದುಕೊಂಡೇ ಇರುತ್ತದೆ.

ಎಲ್ಲವೂ ಸರಿಯಾದ ದಿನವೇ ಮೇಲೆ ಹೇಳಿದ ಪಿಎನ್‌ಪಿಯುಟಿಲ್ ಆಜ್ಞೆಯಿಂದ ವಿಂಡೋಸ್‌ನ ಡ್ರೈವರ್‌ಗಳನ್ನು ಮತ್ತೊಮ್ಮೆ ಹೊರಗೆ ತೆಗೆದಿಡಿ. ಮುಂದೆ ಹಾಕಬೇಕಾದಾಗ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ 'ಅಪ್‌ಡೇಟ್ ಡ್ರೈವರ್' ಆರಿಸಿ ಆ ಫೋಲ್ಡರ್ ತೋರಿಸಿದರೆ ಸಾಕು, ಉಪಫೋಲ್ಡರ್‌ಗಳನ್ನೂ ವಿಂಡೋಸ್ ತಾನೇ ಹುಡುಕುತ್ತದೆ. ಅಕ್ಕನ ಮಗ ಈಗ ಆ ಪೆನ್ ಡ್ರೈವ್‌ಗೆ ಲ್ಯಾಪ್‌ಟಾಪ್ ಮಾದರಿಯ ಹೆಸರೂ ದಿನಾಂಕವೂ ಬರೆದ ಚೀಟಿ ಅಂಟಿಸಿ, ಮಳೆಗಾಲದಲ್ಲಿ ಕ್ಲಾವು ಹಿಡಿಯದಂತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿಟ್ಟಿದ್ದಾನೆ.